ಸತ್ತೂರಿನ ಆರು ತಂತಿ

ಮೂವತ್ತೈದು ವರ್ಷಗಳ ಕಾಲ ಸತ್ತೂರವನ್ನು ನಾನು ಬಸ್ಸಿನ ಕಿಟಕಿಯಿಂದಲೇ ಕಂಡವನು. ಮನೆ ಧಾರವಾಡದಲ್ಲಿ, ಗಣಿತದ ಮಾಸ್ತರಿಕೆ ಹುಬ್ಬಳ್ಳಿಯಲ್ಲಿ. ಹೀಗಾಗಿ ದಿನಕ್ಕೆ ಎರಡು ಸಲ ಆ ಊರು ನನ್ನ ಕಣ್ಣ ಮುಂದೆ ಸರಿದು ಹೋಗುತ್ತಿತ್ತು. ಟೋಲನಾಕೆ, ವಿದ್ಯಾಗಿರಿ, ಗಾಂಧಿನಗರ, ಲಕಮನಹಳ್ಳಿ ದಾಟಿದರೆ ಸತ್ತೂರ. ಮುಂದೆ ಪೇರಲ ಹಣ್ಣಿಗೆ ಹೆಸರಾದ ನವಲೂರು. ಇಳಿಯಬೇಕೆಂದು ಒಮ್ಮೆಯೂ ಅನಿಸಿರಲಿಲ್ಲ. 1962ರಲ್ಲಿ ಹುಬ್ಬಳ್ಳಿ-ಧಾರವಾಡಗಳನ್ನು ಒಂದೇ ನಗರಪಾಲಿಕೆಯ ನೊಗಕ್ಕೆ ಕಟ್ಟಿದಾಗ ಎರಡೂ ಊರುಗಳ ನಡುವಿನ ಇಂಥ ಹಳ್ಳಿಗಳಿಗೆ ನಗರವೆಂಬ ಹೆಸರು ಮಾತ್ರ ಬಂದಿತು. ಹೊಲ ಹೊಲವಾಗಿಯೇ ಉಳಿದಿತ್ತು. 1986ರಲ್ಲಿ ಧರ್ಮಸ್ಥಳದವರ ದಂತ ಮಹಾವಿದ್ಯಾಲಯವೂ 2003ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವೂ ಬಂದ ಮೇಲೆ ಸತ್ತೂರದ ಕಳೆ ಬೇರೆಯಾಯಿತು. ಈಗ ನಮ್ಮ ಓಣಿಯಲ್ಲಿ ಯಾರಾದರೂ "ಸತ್ತೂರಕ್ಕೆ ಹೊಂಟೇನಿ" ಎಂದರೆ, ಕೇಳಿದವರು ಮೊದಲು ಆಡುವ ಮಾತು, "ಯಾರಿಗೆ ಆರಾಮಿಲ್ಲ?"

ನಾನು ಹೊರಟಾಗಲೂ ಅದೇ ಪ್ರಶ್ನೆ ಬಂದಿತು. ತಂಗಿಯ ಮಗನಿಗೆ ಎಂದೆ. ಏನಾಗಿದೆ ಎಂದರು. ಗಿಟಾರು ಮಾಡುವ ಹುಚ್ಚು ಹಿಡಿದಿದೆ ಎಂದು ಹೇಳಲು ನಾಲಗೆ ಏಳಲಿಲ್ಲ.

ಚಿಗರಿ ಬಸ್ಸಿನಿಂದಿಳಿದು ಒಳದಾರಿ ಹಿಡಿದರೆ ತಂಗಿಯ ಮನೆ. ಮನೆಯ ಹಿಂದೆ ಎಮ್ಮೆ ಕಟ್ಟುತ್ತಿದ್ದ ತಗಡಿನ ಕೊಟ್ಟಿಗೆ. ಎಮ್ಮೆ ಹೋಗಿ ಬಹಳ ದಿನವಾಯಿತು; ಅಲ್ಲಿ ಈಗ ಉಳಿ, ರಂದಾ, ಅರ, ಮರದ ಹೊಟ್ಟು, ಅರಗಿನ ವಾಸನೆ. ಗೋದಲಿಯ ಮೇಲೆ ಹಲಗೆ ಹಾಸಿ ಹುಡುಗ ಕೆಲಸದ ಮೇಜು ಮಾಡಿಕೊಂಡಿದ್ದನು. ಅವನು ಬೆಂಗಳೂರಿನಲ್ಲಿ ಒಂದು ಕಂಪನಿಯ ವಿದ್ಯುನ್ಮಾನ ವಿಭಾಗದಲ್ಲಿ ಆರು ವರ್ಷ ದುಡಿದು, ಒಂದು ದಿನ ರಾಜೀನಾಮೆ ಬರೆದುಕೊಟ್ಟು ಊರಿಗೆ ಬಂದಿದ್ದನು. ತನ್ನ ಹೆಸರಿನ ಗಿಟಾರು, ಕೇಳಿದವರ ಕೈ ಅಳತೆಗೆ ತಕ್ಕಂತೆ, ಒಂದೊಂದಾಗಿ ಮಾಡುವುದು ಅವನ ಸಂಕಲ್ಪ. ತಂಗಿ ತನ್ನ ಪಾಟಲಿಗಳನ್ನು ಒತ್ತೆಯಿಟ್ಟು ಬಂಡವಾಳ ಕೊಟ್ಟಿದ್ದಳು. ಅದು ನನಗೆ ತಿಳಿದದ್ದು ಆರು ತಿಂಗಳಾದ ಮೇಲೆ.

ಮಲ್ಲಿಕಾರ್ಜುನ ಮನಸೂರರ ಧ್ವನಿಯನ್ನು ಕೇಳಿ ಬೆಳೆದ ಕಿವಿ ನನ್ನದು. ವಿದ್ಯುತ್ ಗಿಟಾರೆಂದರೆ ಮದುವೆಯ ಮೆರವಣಿಗೆಯ ಗದ್ದಲ ಎಂದು ಬಗೆದಿದ್ದೆ. ಹುಡುಗನು ವಾದಿಸಲಿಲ್ಲ. ಒಂದು ಪುಟ್ಟ ಸುರುಳಿಯನ್ನು ಕೈಗಿತ್ತು, "ಎಣಿಸ್ರಿ ಮಾಮಾ" ಎಂದನು. ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಆಯಸ್ಕಾಂತದ ಆರು ಕಡ್ಡಿಗಳ ಸುತ್ತ ಏಳು-ಎಂಟು ಸಾವಿರ ಸುತ್ತು ಸುತ್ತಿದ್ದನು. ಹೊಲಿಗೆ ಯಂತ್ರದ ಮೋಟಾರೇ ಅವನ ರಾಟೆ. ಮೇಲಿನ ಉಕ್ಕಿನ ತಂತಿ ಮಿಡಿದಾಗ ಆಯಸ್ಕಾಂತದ ಬಲರೇಖೆಗಳು ಅಲುಗುತ್ತವೆ. ಆ ಅಲುಗಾಟದಿಂದ ಸುರುಳಿಯಲ್ಲಿ ಬಲು ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಕೇಳಿಸುವುದು ಧ್ವನಿವರ್ಧಕದ ಕೆಲಸ. ನಾನು ಹತ್ತನೆಯ ತರಗತಿಯ ಹುಡುಗರಿಗೆ ಫ್ಯಾರಡೆಯ ನಿಯಮವನ್ನು ಎಷ್ಟೋ ಸಲ ಉರು ಹೊಡೆಸಿದ್ದೆ. ವಿಜ್ಞಾನದ ಮಾಸ್ತರರು ರಜೆ ಹಾಕಿದಾಗ ಆ ಪಾಠ ನನ್ನ ಕೊರಳಿಗೇ ಬೀಳುತ್ತಿತ್ತು. ಅದು ಹಾಡುವುದನ್ನು ಕೇಳಿದ್ದು ಅಂದೇ ಮೊದಲು.

ಈ ವಾದ್ಯದ ಹುಟ್ಟಿನ ಕಥೆಯೂ ಸ್ವಾರಸ್ಯದ್ದೇ. 1932ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ರಿಕೆನ್‌ಬ್ಯಾಕರ್ ಗಿಟಾರು ತೊಡೆಯ ಮೇಲಿಟ್ಟು ನುಡಿಸುವ ಹವಾಯಿ ಮಾದರಿಯದು, ಅಲ್ಯುಮಿನಿಯಮ್ಮಿನದು. ಅದರ ಆಕಾರ ಕಂಡ ಜನ ಅದಕ್ಕೆ ಹುರಿಯುವ ತವೆಯ ಹೆಸರನ್ನೇ ಇಟ್ಟುಬಿಟ್ಟರು. ಗಟ್ಟಿ ಮರದ ಗಿಟಾರನ್ನು 1950ರಲ್ಲಿ ಅಂಗಡಿಗೆ ತಂದ ಲಿಯೋ ಫೆಂಡರರು ಕಲಿತದ್ದು ಲೆಕ್ಕಪತ್ರದ ವಿದ್ಯೆ, ಇಟ್ಟಿದ್ದು ರೇಡಿಯೊ ರಿಪೇರಿಯ ಅಂಗಡಿ; ಗಿಟಾರು ನುಡಿಸಲು ಅವರಿಗೆ ಕೊನೆಯವರೆಗೂ ಬರಲಿಲ್ಲ. ನಮ್ಮ ನಾಡಿನಲ್ಲೇ, ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರರಾಗಿದ್ದ ಬೆಂಗಳೂರಿನ ಜಿ. ರಾಜನಾರಾಯಣರು 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ನಿರ್ಮಿಸಿ, ರಾಡೆಲ್ ಎಂಬ ಹೆಸರಿನಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿದರು. ಆದರೆ ಅವರು ಸ್ವತಃ ಕೊಳಲು ಬಲ್ಲವರು. ನನ್ನ ಅಳಿಯನೋ, ಗಿಟಾರನ್ನು ಸುಮಾರಾಗಿ ನುಡಿಸುತ್ತಾನೆ. ಮಾಡುವುದರಲ್ಲಿ ಮಾತ್ರ ಅವನಿಗೆ ಹಟ.

ಮೊದಲನೆಯ ಗಿಟಾರು ಹೋದ ವರ್ಷ ಮೇ ತಿಂಗಳಿನಲ್ಲಿ ಹುಬ್ಬಳ್ಳಿಯ ಒಬ್ಬ ತರುಣನ ಕೈ ಸೇರಿತು. ಆಗಸ್ಟಿನಲ್ಲಿ ಮರಳಿ ಬಂದಿತು. ಕೊರಳು ಬಾಗಿತ್ತು, ತಂತಿಗಳು ಬೆರಳು ಒತ್ತಲಾಗದಷ್ಟು ಮೇಲೆ ನಿಂತಿದ್ದವು. ಒಣಗಿದ ಕಟ್ಟಿಗೆ ಎಂದು ಹೇಳಿ ಅಡ್ಡೆಯವರು ಕೊಟ್ಟದ್ದು ಒಣಗಿರಲಿಲ್ಲ. ನಮ್ಮ ಸೀಮೆಯ ಹವೆಯೂ ಅಂಥದ್ದೇ: ಪಡುವಣಕ್ಕೆ ಮಲೆನಾಡಿನ ತೇವ, ಮೂಡಣಕ್ಕೆ ಬೆಳವಲದ ಒಣ ಗಾಳಿ, ಧಾರವಾಡವು ಎರಡರ ಗಡಿಯ ಮೇಲೆ ಕೂತ ಊರು. ಮಾಘ-ಫಾಲ್ಗುಣದಲ್ಲಿ ಬಿರಿಯುವ ಮರ ಆಷಾಢದಲ್ಲಿ ಉಬ್ಬುತ್ತದೆ. ಹುಡುಗನು ತರುಣನಿಗೆ ಪೂರ್ತಿ ಹಣ ಹಿಂದಿರುಗಿಸಿದನು. ಅಂದರೆ ಪಾಟಲಿಗಳಲ್ಲೊಂದು ಆಗಲೇ ಕರಗಿತೆಂದು ತಿಳಿಯಬೇಕು.

ಅದಾದ ಮೇಲೆಯೇ ಅವನ ಕಣ್ಣು ನನ್ನ ತೊಲೆಯ ಮೇಲೆ ಬಿದ್ದದ್ದು.

ನವಲೂರಿನಲ್ಲಿ ನಮ್ಮ ಹಿರಿಯರ ಮನೆಯನ್ನು ಕೆಡವಿದಾಗ ನಾನು ಬೇರೆ ಏನನ್ನೂ ಕೇಳಿರಲಿಲ್ಲ. ಪಡಸಾಲೆಯ ನಡುತೊಲೆಯೊಂದನ್ನು ಚಕ್ಕಡಿಯಲ್ಲಿ ಹಾಕಿಸಿ ಧಾರವಾಡಕ್ಕೆ ತಂದಿದ್ದೆ. ದಾಂಡೇಲಿ ಅಡವಿಯ ಸಾಗವಾನಿ ಎಂದು ನಮ್ಮ ತಂದೆ ಹೇಳುತ್ತಿದ್ದರು. ಅವರ ತೊಟ್ಟಿಲನ್ನೂ ನನ್ನ ತೊಟ್ಟಿಲನ್ನೂ ಅದಕ್ಕೇ ಕಟ್ಟಿದ್ದು. ಅದರಿಂದ ಒಂದು ತೂಗುಮಂಚ ಮಾಡಿಸಬೇಕೆಂದು ಹದಿನೆಂಟು ವರ್ಷದಿಂದ ಹೇಳುತ್ತ ಬಂದಿದ್ದೇನೆ, ಮಾಡಿಸಿಲ್ಲ.

"ಮಾಮಾ, ಆ ತೊಲಿ ನೂರು ವರ್ಷ ಒಣಗೇದರಿ. ಇನ್ನ ಅದು ಬಾಗೂದುಲ್ಲ" ಎಂದನು.

ಕೊಡುತ್ತೇನೆ ಎನ್ನಲು ಮನಸ್ಸು ಬರಲಿಲ್ಲ. ಕೊಡುವುದಿಲ್ಲ ಎನ್ನಲು ತಂಗಿಯ ಬರಿಗೈ ಕಾಣುತ್ತಿತ್ತು. ಮಾಸ್ತರರು ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಮಾಡಿದೆ: ತಿಳಿದವರನ್ನು ಕೇಳೋಣ ಎಂದೆ. ತೊಲೆಯ ತುದಿಯಿಂದ ಒಂದು ಗೇಣುದ್ದದ ತುಂಡು ಕೊಯ್ದು ಚೀಲದಲ್ಲಿಟ್ಟುಕೊಂಡು, ಜನವರಿಯ ಒಂದು ಮುಂಜಾನೆ ಮಾವ-ಅಳಿಯ ಇಬ್ಬರೂ ಮಿರಜಿನ ಗಾಡಿ ಹತ್ತಿದೆವು.

ಧಾರವಾಡದಿಂದ ಮಿರಜಿಗೆ ಹೋಗುವ ರೈಲುಹಾದಿ ಒಂದೇ ದಿನದಲ್ಲಿ ಮೂರು ನಾಡುಗಳನ್ನು ತೋರಿಸುತ್ತದೆ. ಅಳ್ನಾವರ ದಾಟಿ ಲೋಂಡೆಯವರೆಗೆ ಕಾಡು. ಸಾಗವಾನಿಯ ಅಗಲವಾದ ಒಣ ಎಲೆಗಳು ಗಾಡಿಯ ಗಾಳಿಗೆ ಹಾರುತ್ತವೆ. ಬೆಳಗಾವಿ ಬಿಟ್ಟ ಮೇಲೆ ಬಯಲು, ಘಟಪ್ರಭೆಯ ಆಚೆ ಕಬ್ಬು. ಕುಡಚಿಯ ನಂತರ ಕೃಷ್ಣೆಯ ಸೇತುವೆ. ಅಲ್ಲಿ ಹೆಂಗಸರು ಕೈಮುಗಿದು ನದಿಗೆ ನಾಣ್ಯ ಎಸೆದರು. ಉಗಾರ, ಶೇಡಬಾಳ ಬರುವ ಹೊತ್ತಿಗೆ ಡಬ್ಬಿಯೊಳಗಿನ ಮಾತು ಕನ್ನಡದಲ್ಲಿ ಆರಂಭವಾಗಿ ಮರಾಠಿಯಲ್ಲಿ ಮುಗಿಯತೊಡಗಿತು. ಇದೇ ಹಾದಿಯಲ್ಲಿ ಒಂದು ಕಾಲಕ್ಕೆ ಸಂಗೀತವೂ ಓಡಾಡುತ್ತಿತ್ತು. ಉಸ್ತಾದ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆಸಿದ್ದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ. ಈ ಕಿರಾಣಾ ಗಾಯನಕ್ಕೆ ಬೇಕಾದ ತಂಬೂರಿಗಳು ಬಂದದ್ದೂ ಮಿರಜಿನಿಂದಲೇ.

ಸಿತಾರ ಮಾಡುವವರ ಓಣಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಮಾಡಿನ ಕೆಳಗೆ ಹಾಗಲಕಾಯಿ-ಹೀರೆಕಾಯಿ ತೂಗಬೇಕಾದ ಕಡೆ ಕೊಡದಷ್ಟು ದಪ್ಪ ಒಣ ಬುರುಡೆಗಳು ತೂಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಲ್ಲಿಯ ಶಿಕಲಗಾರ ಮನೆತನದ ಫರೀದಸಾಹೇಬರು ಈ ಕಸಬನ್ನು ಆರಂಭಿಸಿದರು. ಕತ್ತಿ-ಕಠಾರಿಗಳಿಗೆ ಸಾಣೆ ಹಿಡಿಯುವುದು ಅವರ ಕುಲದ ಕೆಲಸ. ಕತ್ತಿಗಳ ಕಾಲ ಮುಗಿಯಿತು. ಸಂಸ್ಥಾನದ ಆಸರೆಯಲ್ಲಿದ್ದ ಗವಾಯಿಗಳ ವಾದ್ಯಗಳು ಕೆಟ್ಟಾಗ ಸರಿಪಡಿಸುವವರು ಬೇಕಾದರು. ಸಾಣೆಯ ಕೈ ತಂತಿಗೆ ತಿರುಗಿತು. ಕೆಲಸ ತಪ್ಪಿದವರು ಕಲಿತ ಹೊಸ ಕೆಲಸವೇ ಇಂದು ಮಿರಜಿನ ಕೀರ್ತಿ. 2024ರಲ್ಲಿ ಮಿರಜಿನ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬುರುಡೆಗಳು ಮಂಗಳವೇಢೆಯ ಕಡೆಯವು. ಮರ ಮಾತ್ರ ನಮ್ಮ ಕರ್ನಾಟಕದ ಕಾಡಿನದು.

ಆ ಮರದ ಮಾತನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಗಂಧಗರಿಗೆ ಎನ್ನುವ, ಅವರು ತುನ್ ಎನ್ನುವ ಆ ಕೆಂಪು ಹಗುರ ಮರ ಮಹಾಗನಿಯ ಬಳಗದ್ದು. ಸಸ್ಯಶಾಸ್ತ್ರದವರು ಎರಡನ್ನೂ ಒಂದೇ ಕುಟುಂಬದಲ್ಲಿ ಇಡುತ್ತಾರೆ. ಅಮೆರಿಕದ ಗಿಬ್ಸನ್ ಕಂಪನಿಯವರು 1952ರಿಂದ ಲೆಸ್ ಪಾಲ್ ಎಂಬ ಗಿಟಾರಿನ ಒಡಲಿಗೆ ಬಳಸಿದ್ದು ಮಹಾಗನಿಯನ್ನು. ಇದನ್ನು ಕೇಳಿದಾಗ ನನ್ನ ಅಳಿಯನ ಮುಖ ಅರಳಿತು. ಸಮುದ್ರದಾಚೆ ಹುಡುಕುತ್ತಿದ್ದ ಮರದ ದಾಯಾದಿ ಹಾದಿಯ ಪಕ್ಕದ ಕಾಡಿನಲ್ಲೇ ಇದ್ದಿತು.

ನಾವು ಕಂಡ ಕುಶಲಿಗರು ವಯಸ್ಸಾದವರು. ಕನ್ನಡ, ಮರಾಠಿ, ದಖನಿ ಮೂರನ್ನೂ ಬೆರೆಸಿ ಆಡುತ್ತಿದ್ದರು. ನಮ್ಮ ತುಂಡನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರು, ಮೂಸಿದರು, ತೂಗಿ ನೋಡಿದರು. ಬಳಿಕ ಹುಡುಗನು ತನ್ನ ಗಿಟಾರಿನ ಚಿತ್ರ ಬಿಡಿಸಿ ತೋರಿಸಿದನು.

"ಇದರ ಹೊಟ್ಟಿ ಎಲ್ಲಿ?" ಎಂದು ಅವರು ಕೇಳಿದರು.

ಹೊಟ್ಟೆ ಇಲ್ಲ, ಇಡೀ ಮರವೇ ಗಟ್ಟಿ ಎಂದು ಹುಡುಗ ವಿವರಿಸಿದನು. ಪೊಳ್ಳು ಒಡಲಿದ್ದರೆ ಧ್ವನಿವರ್ಧಕದ ಸದ್ದು ಮತ್ತೆ ಒಡಲನ್ನು ಹೊಕ್ಕು ಕಿರುಚುತ್ತದೆ. ಅದಕ್ಕೇ ಗಟ್ಟಿ ಮರ. ಮುದುಕರು ತಲೆದೂಗಿದರು, ಒಪ್ಪಿದಂತೆ ಕಾಣಲಿಲ್ಲ. "ಸಾಗವಾನಿ ಜಡ. ಹೆಗಲಿಗೆ ಹಾಕ್ಕೊಂಡ ಹುಡುಗ ರಾತ್ರಿ ಎಲ್ಲಾ ನಿಂತು ಬಾರಿಸಬೇಕಲ್ಲ? ಅರ್ಧ ಹೊಟ್ಟಿ ಆದರೂ ಕೊಡು" ಎಂದರು.

ಅಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಸಿತಾರದ ಮೆಟ್ಟಿಲುಗಳ ಬಳಿ. ಹಿತ್ತಾಳೆಯ ಬಾಗಿದ ಕಂಬಿಗಳನ್ನು ದಾರದಿಂದ ಕೊರಳಿಗೆ ಬಿಗಿದಿರುತ್ತಾರೆ. ರಾಗಕ್ಕೆ ತಕ್ಕಂತೆ ಮೇಲೆ-ಕೆಳಗೆ ಸರಿಸಬಹುದು, ಕಿವಿಯೇ ಅಳತೆಗೋಲು. ಗಿಟಾರಿನಲ್ಲಿ ಹಾಗಲ್ಲ. ಮೆಟ್ಟಿಲನ್ನು ಮರದಲ್ಲಿ ಗೀರು ಕೊಯ್ದು ಬಡಿದು ಕೂಡಿಸಿದರೆ ಮುಗಿಯಿತು. ಕೂದಲೆಳೆ ತಪ್ಪಿದರೂ ಆ ತಪ್ಪು ಶಾಶ್ವತ. ಆದ್ದರಿಂದ ಅಲ್ಲಿ ಗಣಿತ ಬೇಕು. ಎಷ್ಟೋ ಪೀಳಿಗೆಯ ಕುಶಲಿಗರು ತಂತಿಯ ಉದ್ದವನ್ನು 18ರಿಂದ ಭಾಗಿಸಿ ಮೊದಲ ಮೆಟ್ಟಿಲು ಇಡುತ್ತಿದ್ದರು; ಉಳಿದುದನ್ನು ಮತ್ತೆ 18ರಿಂದ ಭಾಗಿಸಿ ಎರಡನೆಯದು. ಈ ಸೂತ್ರವನ್ನು 1581ರ ತನ್ನ ಗ್ರಂಥದಲ್ಲಿ ಹೇಳಿದವನು ವಿಂಚೆಂಜೋ ಗೆಲಿಲಿ, ಖಗೋಳ ವಿಜ್ಞಾನಿ ಗೆಲಿಲಿಯೊನ ತಂದೆ. ಹನ್ನೆರಡನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಬರಬೇಕು. ಆದರೆ 18ರ ಲೆಕ್ಕದಲ್ಲಿ ಇಪ್ಪತ್ತೈದೂವರೆ ಅಂಗುಲದ ತಂತಿಗೆ ಅದು ಎರಡು ಮಿಲಿಮೀಟರಿಗೂ ಮಿಕ್ಕಿ ಹಿಂದುಳಿಯುತ್ತದೆ. ನಿಜವಾದ ಭಾಜಕ 17.817. ಎರಡರ ಹನ್ನೆರಡನೆಯ ಮೂಲದಿಂದ ಅದು ಹುಟ್ಟುತ್ತದೆ. ಮೊದಲ ಮೆಟ್ಟಿಲು 1.431 ಅಂಗುಲಕ್ಕೆ. ಮರಳುವ ಗಾಡಿಯಲ್ಲಿ ಟಿಕೀಟಿನ ಹಿಂದೆ ಇಪ್ಪತ್ತೆರಡು ಮೆಟ್ಟಿಲುಗಳನ್ನೂ ಲೆಕ್ಕ ಹಾಕಿಕೊಟ್ಟೆ. ಹುಡುಗನ ಕಂಪ್ಯೂಟರು ಅದನ್ನು ಕ್ಷಣದಲ್ಲಿ ಮಾಡುತ್ತದೆಂದು ನನಗೆ ಗೊತ್ತಿತ್ತು. ಅವನು ಹೇಳಲಿಲ್ಲ, ಒಳ್ಳೆಯ ಹುಡುಗ.

ಹೊರಡುವ ಮುನ್ನ ಮುದುಕರು ತಂಬೂರಿಯ ಕುದುರೆಗೆ ಜವಾರಿ ತೆಗೆಯುವುದನ್ನು ತೋರಿಸಿದರು. ತಂತಿ ಕೂರುವ ಆ ಪುಟ್ಟ ಪಟ್ಟಿಯನ್ನು ಅರದಿಂದ ಇಷ್ಟಿಷ್ಟೇ ಸವರಿ, ತಂತಿಯ ಕೆಳಗೆ ಒಂದು ಹತ್ತಿಯ ಎಳೆ ಸಿಕ್ಕಿಸಿ ಸರಿಸುತ್ತ ಬರುವರು. ಒಂದು ಕ್ಷಣದಲ್ಲಿ ಸತ್ತ ತಂತಿ ಝೇಂಕರಿಸುತ್ತದೆ. ನಮ್ಮ ಕಡೆ ಜವಾರಿ ಎಂದರೆ ನಾಟಿ: ಜವಾರಿ ಕೋಳಿ, ಜವಾರಿ ಹತ್ತಿ, ಜವಾರಿ ಬದನೆ. ಎರಡು ಮಾತುಗಳ ಮೂಲ ಒಂದೇ ಎಂದು ನಾನು ಹೇಳಲಾರೆ. ಕಿವಿಗೆ ಮಾತ್ರ ಅಂದು ಒಂದೇ ಆಗಿ ಕೇಳಿಸಿದವು.

ಊರಿಗೆ ಬಂದ ಮೇಲೆ ನಮ್ಮ ನೆರೆಯ ಹಿರಿಯರೊಬ್ಬರು ಕೇಳಿದರು: ಸಿತಾರ, ತಂಬೂರಿಗಳ ನಾಡಿನಲ್ಲಿ ಈ ಪರದೇಶಿ ವಾದ್ಯವೇಕೆ? ಅವರ ಮನೆಯಲ್ಲಿ ಹಾರ್ಮೋನಿಯಂ ಇದೆ. 1940ರಲ್ಲಿ ಅಖಿಲ ಭಾರತ ಬಾನುಲಿಯವರು ಹಾರ್ಮೋನಿಯಂ ಪರದೇಶಿಯೆಂದು ಬಾಗಿಲಿನ ಹೊರಗೆ ನಿಲ್ಲಿಸಿದ್ದರು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಾಗಲೂ ಆ ಕಟ್ಟಳೆ ಜಾರಿಯಲ್ಲಿತ್ತು. ಇಂದು ಅದಿಲ್ಲದೆ ನಮ್ಮ ಭಜನೆ ಸಾಗದು. ಇದನ್ನು ನೆನಪಿಸಿದೆ. ಅವರು ಚಹಾ ಕುಡಿದು ಎದ್ದರು. ಆದರೆ ಆ ಪ್ರಶ್ನೆಗೆ ಉತ್ತರ ಕೊಟ್ಟೆನೆಂಬ ತೃಪ್ತಿ ನನಗೇ ಆಗಲಿಲ್ಲ. ನನಗೆ ತೊಲೆಯನ್ನು ಕೊಡುವ ಮನಸ್ಸಾದದ್ದು ವಾದದಿಂದಲ್ಲ. ಮಿರಜಿನ ಮುದುಕರು ಆ ತುಂಡನ್ನು ಮರಳಿಸುವಾಗ ಅದನ್ನು ತಮ್ಮ ಅಂಗಿಯ ತುದಿಯಿಂದ ಒರೆಸಿ ಕೊಟ್ಟರು, ಅದರಿಂದ.

ಫೆಬ್ರುವರಿಯಲ್ಲಿ ತೊಲೆ ಗರಗಸಕ್ಕೆ ಹೋಯಿತು. ನಾನು ಹೋಗುವುದಿಲ್ಲ ಎಂದುಕೊಂಡಿದ್ದೆ, ಹೋದೆ. ಹೊರಗೆ ಹೊಗೆಗೆ ಕಪ್ಪಾಗಿದ್ದ ಮರ ಒಳಗೆ ಜೇನುಬಣ್ಣದ್ದಾಗಿತ್ತು. ಎಣ್ಣೆಯ ವಾಸನೆ ಇನ್ನೂ ಇತ್ತು. ತೊಟ್ಟಿಲಿನ ಕೊಂಡಿ ಇದ್ದ ಕಡೆ ಕಬ್ಬಿಣದ ಕಲೆ ಮರದೊಳಗೆ ಒಂದು ಗೇಣು ಇಳಿದಿತ್ತು. ಆ ಭಾಗವನ್ನು ಬಿಟ್ಟುಬಿಡಲೆ ಎಂದು ಹುಡುಗ ಕೇಳಿದನು. ಇರಲಿ ಎಂದೆ.

ಮುಂದಿನ ನಾಲ್ಕು ತಿಂಗಳು ನಾನು ವಾರಕ್ಕೆರಡು ಬಾರಿ ಸತ್ತೂರಿನಲ್ಲಿ ಇಳಿದೆ. ಒಡಲಿನೊಳಗೆ ಎರಡು ಕುಳಿ ತೋಡಿ, ಮೇಲೆ ತೆಳು ಹಲಗೆ ಮುಚ್ಚಿ, ಮುದುಕರು ಹೇಳಿದ ಅರ್ಧ ಹೊಟ್ಟೆಯನ್ನು ಹುಡುಗ ಮಾಡಿದನು. ಒಂದು ಸೇರಿನಷ್ಟು ಭಾರ ಇಳಿಯಿತು. ಸಾಗವಾನಿಯ ಎಣ್ಣೆಗೆ ಅಂಟು ಹಿಡಿಯದು. ಅಂಟಿಸುವ ಮುನ್ನ ಸ್ಪಿರಿಟಿನಿಂದ ಒರೆಸಬೇಕು. ಇದು ತಿಳಿಯುವ ಮುನ್ನ ಒಂದು ಮೇಲುಹಲಗೆ ಕಿತ್ತು ಬಂದಿತು. ಕೊರಳನ್ನು ಒಂದೇ ತುಂಡಿನಿಂದ ಮಾಡದೆ, ಮೂರು ಪಟ್ಟಿಗಳ ನಾರನ್ನು ಒಂದಕ್ಕೊಂದು ವಿರುದ್ಧವಾಗಿ ತಿರುಗಿಸಿ ಕೂಡಿಸಿದನು. ಒಂದು ಬಾಗಲು ಹೊರಟರೆ ಇನ್ನೊಂದು ಹಿಡಿದೀತು. ನಡುವೆ ಉಕ್ಕಿನ ಸಲಾಕೆ. ಅದರ ತುದಿಯ ತಿರುಪನ್ನು ತಿರುಗಿಸಿ ಕೊರಳನ್ನು ಸರಿಪಡಿಸಬಹುದು.

ಬೆರಳು ಆಡುವ ಹಲಗೆಗೆ ಬೀಟೆಯೇ ಬೇಕೆಂದು ಅವನ ಹಟ. ಬೀಟೆಯ ಕಥೆ ದೊಡ್ಡದು. 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿಯವರು ಬ್ರೆಜಿಲಿನ ಬೀಟೆ ಸಿಗದಾಗಿ ನಮ್ಮ ಸಹ್ಯಾದ್ರಿಯ ಬೀಟೆಗೆ ತಿರುಗಿದರು; ಅಂದಿನಿಂದ ಜಗತ್ತಿನ ಎಷ್ಟೋ ಗಿಟಾರುಗಳ ಬೆನ್ನು ನಮ್ಮ ಕಾಡಿನದು. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ಕಾವಲಿನ ಪಟ್ಟಿಗೆ ಸೇರಿ, ಗಿಟಾರು ಗಡಿ ದಾಟಲೂ ಪರವಾನಗಿ ಬೇಕಾಯಿತು. ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರಿನಲ್ಲಿ. ಇಷ್ಟು ಮರ ಕೊಟ್ಟ ನಾಡಿನಲ್ಲಿ ಅದರ ಮೇಲೆ ನಮ್ಮದೊಂದು ಹೆಸರು ಬಿದ್ದದ್ದು ಕಡಮೆ. ಹುಡುಗನಿಗೆ ಕೊನೆಗೆ ಬೀಟೆ ಸಿಕ್ಕಿದ್ದು ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯಲ್ಲಿ, ಮುರಿದ ಮಂಚದ ಪಕ್ಕದ ಪಟ್ಟಿಯಾಗಿ. ಬಹುಶಃ ಯಾರದೋ ಬಾಣಂತನ ಕಂಡ ಮಂಚ.

ತಲೆಯ ಮೇಲೆ ಬರೆಯುವ ಹೆಸರಿನ ಚರ್ಚೆ ಮಾತ್ರ ಮುಗಿಯಲಿಲ್ಲ. ತಂಗಿಗೆ ಮನೆದೇವರ ಹೆಸರು ಬೇಕು. ಹುಡುಗನ ಗೆಳೆಯರಿಗೆ ಇಂಗ್ಲಿಷು ಹೆಸರು ಬೇಕು. ಇಲ್ಲದಿದ್ದರೆ ಬೆಲೆ ಬರುವುದಿಲ್ಲವಂತೆ. ನಾನು ಜವಾರಿ ಎಂದೆ. ಅವನು ನಕ್ಕು, ವ್ಯಾಪಾರ ಚಿಹ್ನೆಗಳ ನೋಂದಣಿಯಲ್ಲಿ ವಾದ್ಯಗಳಿಗೆ 15ನೆಯ ವರ್ಗ, ಅಲ್ಲಿ ಯಾರಾದರೂ ಆಗಲೇ ಹಿಡಿದಿದ್ದಾರೋ ನೋಡಬೇಕು ಎಂದನು. ತಲೆ ಖಾಲಿಯಾಗಿಯೇ ಉಳಿಯಿತು.

ಜೂನಿನ ಕೊನೆಯಲ್ಲಿ ತಂತಿ ಕಟ್ಟಿದನು. ಕೊಟ್ಟಿಗೆಯಲ್ಲಿ ದೀಪ, ಹೊರಗೆ ಜಿಟಿಜಿಟಿ ಮಳೆ. ಗುಂಡಿ ಒತ್ತಿದೊಡನೆ ಧ್ವನಿವರ್ಧಕದಿಂದ ಒಂದು ಮಂದ್ರ ಗುಂಯ್‌ಗುಡುವಿಕೆ. ನಾನು ಕಿವಿ ನಿಮಿರಿಸಿದೆ: ಖರ್ಜದ ತಂತಿಯಂತೆಯೇ ಇತ್ತು. ಹುಡುಗ ಮುಖ ಸಿಂಡರಿಸಿದನು. ಅದು ಮನೆಯ ವಿದ್ಯುತ್ತಿನ ಐವತ್ತು ಆವರ್ತನದ ಸದ್ದು, ದೋಷವಂತೆ. ಗಿಬ್ಸನ್ ಕಂಪನಿಯ ಸೇತ್ ಲವರ್ ಎಂಬವರು 1955ರಲ್ಲಿ ಎರಡು ಸುರುಳಿಗಳನ್ನು ಎದುರುಬದುರು ಸುತ್ತಿ ಅದನ್ನು ಕೊಂದರಂತೆ. ಅವನ ಮುಂದಿನ ಗಿಟಾರಿನಲ್ಲಿ ಅದು ಇರುವುದಿಲ್ಲವಂತೆ. ನನಗೇನೋ ಅದನ್ನು ಉಳಿಸಿಕೊಳ್ಳಬಹುದಿತ್ತು ಎನಿಸಿತು.

ಆ ಹುಬ್ಬಳ್ಳಿಯ ತರುಣನನ್ನೇ ಕರೆಸಿದ್ದನು. ಅವನು ಮೊದಲು ನುಡಿಸಲಿಲ್ಲ; ಬಂದೂಕಿನಂತೆ ಗಿಟಾರನ್ನು ಕಣ್ಣಿಗೆ ಹಿಡಿದು ಕೊರಳಿನ ನೇರವನ್ನು ನೋಡಿದನು. ಬಳಿಕ ಕೂತು ನುಡಿಸಿದನು. ಯಾವ ಧಾಟಿಯೋ ನನಗೆ ತಿಳಿಯದು. ತಂಗಿ ಒಲೆಯ ಮೇಲಿನ ಹಾಲು ಬಿಟ್ಟು ಬಾಗಿಲಲ್ಲಿ ನಿಂತಿದ್ದಳು. ಅವನು ಮುಗಿಸಿ, ಒಡಲಿನ ಮೇಲಿನ ಆ ಕಪ್ಪು ಕಲೆಯನ್ನು ಬೆರಳಿನಿಂದ ಸವರಿ, "ಇದೇನು?" ಎಂದು ಕೇಳಿದನು.

"ತೊಟ್ಟಿಲದ ಕೊಂಡಿ" ಎಂದಳು ತಂಗಿ.

ಒಪ್ಪಂದವಾಯಿತು: ಅರ್ಧ ಹಣ ಈಗ, ಉಳಿದ ಅರ್ಧ ಮಳೆಗಾಲ ಕಳೆದು ಕೊರಳು ನೆಟ್ಟಗಿದ್ದರೆ ದಸರೆಗೆ. ತರುಣನು ಗಿಟಾರನ್ನು ಚೀಲದಲ್ಲಿಟ್ಟು, ಮೇಲೆ ತಂಗಿ ಕೊಟ್ಟ ಪ್ಲಾಸ್ಟಿಕ್ಕಿನ ಹಾಳೆ ಸುತ್ತಿ, ಹುಬ್ಬಳ್ಳಿಯ ಕಡೆಯ ಚಿಗರಿ ಹತ್ತಿದನು. ಮೂವರೂ ನಿಲ್ದಾಣದವರೆಗೆ ಹೋಗಿ ಕಳಿಸಿ ಬಂದೆವು, ಮಗಳನ್ನು ಕಳಿಸಿದಂತೆ.

ಇದನ್ನು ಬರೆಯುತ್ತಿರುವಾಗ ಆಷಾಢದ ಮಳೆ ನಾಲ್ಕು ದಿನದಿಂದ ಬಿಟ್ಟಿಲ್ಲ. ನಿನ್ನೆ ಹುಡುಗ ಬಂದು, ನನ್ನ ಪಡಸಾಲೆಯಲ್ಲಿ ಉಳಿದಿರುವ ತೊಲೆಯ ಮೇಲೆ ಸೀಮೆಸುಣ್ಣದಿಂದ ಇನ್ನೂ ಎರಡು ಒಡಲುಗಳ ಗೆರೆ ಎಳೆದು ಹೋಗಿದ್ದಾನೆ. ಕೊಯ್ಯುವುದು ದಸರೆಯ ಮೇಲೆ. ಅಲ್ಲಿಯವರೆಗೆ ಅದರ ಮೇಲೆ ಯಾರೂ ಒದ್ದೆ ಕೊಡೆ ಇಡಬಾರದೆಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.